ಬೆಸುಗೆ ಗಟ್ಟಿಯಿತ್ತು, ಪಕ್ಕದ ಉಕ್ಕು ಬಿರಿದಿತ್ತು

ಟ್ರಾಕ್ಟರ್ ನೇಗಿಲಿನ ಕುಳ ಮುರಿದರೆ ನಾವು ಮಾಡುವುದೇನು? ಗೇಟು, ಕಿಟಕಿಗೆ ಹಾಕುವ ಅದೇ 6013 ರಾಡಿನಿಂದ ವೆಲ್ಡಿಂಗ್ ಮಾಡಿಸಿಕೊಂಡು ಬರುತ್ತೇವೆ. ಕೆಲವೇ ದಿನಕ್ಕೆ ಮತ್ತೆ ಬಿರುಕು. ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ.

ಇಂಥದೇ ಬಿರುಕಿನಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೊಸ ಸೇತುವೆಯೊಂದು ಕುಸಿದಿತ್ತು. ಹೆಸರು ಕಿಂಗ್ಸ್ ಬ್ರಿಡ್ಜ್. 1961ರ ಏಪ್ರಿಲ್‌ನಲ್ಲಿ ಸಂಚಾರಕ್ಕೆ ತೆರೆಯಿತು. 1962ರ ಜುಲೈ 10ರಂದು (ಅಲ್ಲಿ ಜುಲೈ ಅಂದರೆ ಚಳಿಗಾಲ) ಸುಮಾರು 45 ಟನ್ ತೂಕದ ವಾಹನ ಹಾದಾಗ ಅದರ ಒಂದು ಅಂಕಣದ ತೊಲೆಗಳು ಮುರಿದವು. ಕೆಳಗಿದ್ದ ಗೋಡೆಗಳು ತಡೆದವು, ಯಾರೂ ಸಾಯಲಿಲ್ಲ.

ತೊಲೆಗೆ ಬಳಸಿದ್ದು ಮಾಮೂಲಿ ಮೈಲ್ಡ್ ಸ್ಟೀಲ್ ಅಲ್ಲ, ಹೆಚ್ಚು ಬಲದ ಉಕ್ಕು. ಅದರಲ್ಲಿ ಕಾರ್ಬನ್, ಮ್ಯಾಂಗನೀಸ್ ಹೆಚ್ಚು. ಇಂಥ ಉಕ್ಕು ಬೆಸುಗೆಯ ಕಾವಿನಿಂದ ಬೇಗ ತಣಿದರೆ, ಕಾಯಿಸಿ ನೀರಿಗೆ ಅದ್ದಿದ ಕುಡುಗೋಲಿನಂತೆ ಗಡುಸಾಗುತ್ತದೆ, ಬಾಗದೆ ಸಿಡಿಯುತ್ತದೆ. ರಾಡಿನ ಲೇಪ ತೇವವಿದ್ದರೆ ಹೈಡ್ರೋಜನ್ ಒಳಸೇರಿ ಗಂಟೆಗಳ ನಂತರವೂ ಬಿರುಕು ಹುಟ್ಟುತ್ತದೆ.

ತನಿಖೆಯಲ್ಲಿ ಸಿಕ್ಕ ಒಂದು ಸಂಗತಿ ನಮ್ಮನ್ನು ಬೆಚ್ಚಿಬೀಳಿಸಿತು: ಕೆಲವು ಬಿರುಕುಗಳ ಒಳಗೆ ಬಣ್ಣವಿತ್ತು! ಅಂದರೆ ಬಣ್ಣ ಬಳಿಯುವ ಮೊದಲೇ ಬಿರಿದಿದ್ದವು. ಯಾರ ಕಣ್ಣಿಗೂ ಬೀಳಲಿಲ್ಲ.

ಕಾರ್ಬನ್ ಹೆಚ್ಚಿರುವ ಉಕ್ಕಿಗೆ 7018ನಂಥ ಕಡಿಮೆ ಹೈಡ್ರೋಜನ್ ರಾಡು ಬೇಕು. ಅದನ್ನು ಓವನ್ನಿನಲ್ಲಿ ಒಣಗಿಸಿರಬೇಕು, ಬೆಸುಗೆಗೆ ಮುಂಚೆ ಉಕ್ಕನ್ನೂ ಕಾಯಿಸಿ, ಆಮೇಲೆ ನಿಧಾನ ತಣಿಸಬೇಕು. ನಾವು ನೋಡಿದ ಶಾಪುಗಳಲ್ಲಿ ಒಡೆದ ಪೊಟ್ಟಣ ಮಳೆಗಾಲವಿಡೀ ಗೋಡೆಗೆ ಒರಗಿರುತ್ತದೆ.