ವಾತಾಪಿಯ ಹೆಸರು, ಹಂಸಧ್ವನಿಯ ನಾದ

ದಕ್ಷಿಣ ದೇಶದ ಸಂಗೀತ ಸಭೆಗಳಲ್ಲಿ ಬಹು ಹೆಚ್ಚಾಗಿ ಕೇಳಿಬರುವ ಊರಿನ ಹೆಸರು ಯಾವುದೆಂದು ವಿಚಾರಿಸಿದರೆ, ತಂಜಾವೂರು ಎಂದೋ ತಿರುವಯ್ಯಾರು ಎಂದೋ ಉತ್ತರ ಕೊಡುವವರೇ ಬಹುಮಂದಿ. ಬಾದಾಮಿ ಎನ್ನುವವರು ವಿರಳ. ಆದರೂ ಆ ಉತ್ತರದಲ್ಲಿ ನ್ಯಾಯವುಂಟು. ಗಾಯಕರು ವರ್ಣವನ್ನು ಮುಗಿಸಿ ವಿಘ್ನೇಶ್ವರನ ಸ್ತುತಿಯೊಂದನ್ನು ಎತ್ತಿಕೊಳ್ಳುವಾಗ, ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಎಂಬ ಕೃತಿಯೇ ಎಷ್ಟೋ ಸಲ ಅವರ ಬಾಯಿಗೆ ಬರುವುದು. ವಾತಾಪಿಯೆಂದರೆ ನಮ್ಮ ಬಾದಾಮಿ. ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಊರು. ಕಾವೇರಿಯ ಸೀಮೆಯ ವಾಗ್ಗೇಯಕಾರರೊಬ್ಬರ ಕೃತಿಯ ಮೊದಲ ಮಾತಾಗಿ ಮಲಪ್ರಭೆಯ ಸೀಮೆಯ ಈ ಹೆಸರು ನಿಂತದ್ದು ಹೇಗೆ? ಆ ಹೆಸರನ್ನು ಕೊಟ್ಟ ನಾಡು ತನ್ನ ಸ್ವಂತ ವಾಗ್ಗೇಯಕಾರರನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ? ಈ ಎರಡು ಪ್ರಶ್ನೆಗಳನ್ನು ಶ್ರೋತೃಗಳ ಮುಂದಿಟ್ಟು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ಕೃತಿಕಾರರ ವಿಷಯ. ಮುತ್ತುಸ್ವಾಮಿ ದೀಕ್ಷಿತರು ೧೭೭೫ರ ಸುಮಾರಿಗೆ ತಿರುವಾರೂರಿನಲ್ಲಿ ಜನಿಸಿದರು. ತ್ಯಾಗರಾಜರೂ ಶ್ಯಾಮಾಶಾಸ್ತ್ರಿಗಳೂ ಹುಟ್ಟಿದ್ದು ಆ ಊರಿನಲ್ಲಿಯೇ. ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ವೇಂಕಟಮಖಿಯ ಸಂಪ್ರದಾಯದಲ್ಲಿ ಶಿಕ್ಷಣ ಪಡೆದ ದೊಡ್ಡ ವಿದ್ವಾಂಸರು. ಈ ವೇಂಕಟಮಖಿಯ ತಂದೆ ಗೋವಿಂದ ದೀಕ್ಷಿತನು ತಂಜಾವೂರಿನ ನಾಯಕ ಅರಸರಲ್ಲಿ ಮಂತ್ರಿಯಾಗಿದ್ದ ಕನ್ನಡಿಗನೆಂಬುದನ್ನು ಇಲ್ಲಿ ನೆನೆಯಬಹುದು. ಮುತ್ತುಸ್ವಾಮಿ ದೀಕ್ಷಿತರು ತಾರುಣ್ಯದಲ್ಲಿ ಚಿದಂಬರನಾಥ ಯೋಗಿಗಳ ಸಂಗಡ ಕಾಶಿಗೆ ಹೋಗಿ ಕೆಲವು ವರ್ಷ ಅಲ್ಲಿ ನೆಲೆಸಿದರು. ಉತ್ತರದೇಶದ ಧ್ರುಪದ ಗಾಯನವನ್ನು ಚೆನ್ನಾಗಿ ಕೇಳಿದರು. ಮದರಾಸಿನ ಸಮೀಪದ ಮಣಲಿಯಲ್ಲಿದ್ದಾಗ ಐರೋಪ್ಯರ ವಾದ್ಯಮೇಳವನ್ನು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನೂ ರಚಿಸಿದರು. ಹೀಗೆ ಮೂರು ಕಡೆಯ ನಾದವನ್ನು ಕಿವಿಗೆ ತುಂಬಿಕೊಂಡಿದ್ದರೂ ಅವರ ಶೈಲಿ ಅತ್ಯಂತ ಸ್ವತಂತ್ರವಾದುದು. ವಿಳಂಬವಾದ ನಡೆ, ದೀರ್ಘವಾದ ಗಮಕ, ಪ್ರೌಢವಾದ ಸಂಸ್ಕೃತ, ಕೊನೆಯಲ್ಲಿ ಚುರುಕಾಗಿ ಸಾಗುವ ಮಧ್ಯಮಕಾಲದ ಸಾಹಿತ್ಯ, ರಾಗದ ಹೆಸರನ್ನು ಅರ್ಥ ಕೆಡದಂತೆ ಮಾತಿನೊಳಗೆ ನೇಯುವ ಚಾತುರ್ಯ: ಇವು ಅವರ ಕೃತಿಗಳ ಗುರುತು. ಕಮಲಾಂಬಾ ನವಾವರಣ ಕೃತಿಗಳು, ನವಗ್ರಹ ಕೃತಿಗಳು, ಪಂಚಭೂತ ಲಿಂಗಗಳ ಮೇಲಿನ ಕೃತಿಗಳು ಅವರ ಮಹಾಕಾರ್ಯಗಳು. ೧೮೩೫ರ ದೀಪಾವಳಿಯ ದಿನ ಎಟ್ಟಯಾಪುರದಲ್ಲಿ ಅವರು ದೇಹತ್ಯಾಗ ಮಾಡಿದರು.

ನಮ್ಮ ಪ್ರಕೃತವಾದ ಕೃತಿಯನ್ನು ನೋಡಿದರೆ, ಅದು ಈ ಮಹಾಕಾರ್ಯಗಳಷ್ಟು ವಿಸ್ತಾರವಾದುದಲ್ಲ. ಆದಿತಾಳ, ಪಲ್ಲವಿ, ಅನುಪಲ್ಲವಿ, ಚರಣ, ಅಷ್ಟೆ. ಆದರೆ ಅದರ ಕಟ್ಟಡ ಬಲು ಬಿಗಿಯಾದುದು. ಅದರ ಮೊದಲ ಪದ ವಾತಾಪಿ. ಅದರ ಕೊನೆಯ ಮಾತಿನಲ್ಲಿ ಹಂಸಧ್ವನಿಯೆಂಬ ರಾಗದ ಹೆಸರಿದೆ. ನಡುವೆ ಗಣಪತಿಯನ್ನು ಮೂಲಾಧಾರದಲ್ಲಿ ನೆಲಸಿದವನೆಂದೂ, ಪರಾ ಮೊದಲಾದ ನಾಲ್ಕು ವಾಕ್ಕುಗಳ ಸ್ವರೂಪನೆಂದೂ ವರ್ಣಿಸಿದೆ. ಮಾತು ಹುಟ್ಟುವ ಎಡೆಯಲ್ಲಿರುವ ದೇವರನ್ನು ಕಚೇರಿಯ ಆರಂಭದಲ್ಲಿ ನೆನೆಯುವುದು ಎಷ್ಟು ಉಚಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಂಸಧ್ವನಿಯಾದರೋ ಮಧ್ಯಮವನ್ನೂ ಧೈವತವನ್ನೂ ಬಿಟ್ಟು ಐದೇ ಸ್ವರಗಳಲ್ಲಿ ನಡೆಯುವ ಉಲ್ಲಾಸದ ರಾಗ. ಅದನ್ನು ನಿರ್ಮಿಸಿದವರು ರಾಮಸ್ವಾಮಿ ದೀಕ್ಷಿತರೇ ಎಂಬುದು ಪ್ರಸಿದ್ಧಿ. ತಂದೆ ಕಟ್ಟಿದ ರಾಗದಲ್ಲಿ ಮಗನು ಕೃತಿಯನ್ನು ನಿಲ್ಲಿಸಿದನು. ಇಂದು ಸಭೆಗಳಲ್ಲಿ ಕೇಳುವ ಸಂಗತಿಗಳ ಸೊಬಗಿನಲ್ಲಿ ೧೯ನೆಯ ಶತಮಾನದ ಮಹಾವೈದ್ಯನಾಥ ಅಯ್ಯರವರ ಪಾಲೂ ಇದೆಯೆಂದು ಸಂಗೀತಗಾರರು ಹೇಳುವರು.

ಇನ್ನು ಹೆಸರಿನ ಮಾತು. ಪ್ರಚಾರದಲ್ಲಿರುವ ಕಥೆ ಹೀಗಿದೆ. ಕ್ರಿ. ಶ. ೬೪೨ರಲ್ಲಿ ಪಲ್ಲವ ನರಸಿಂಹವರ್ಮನು ಚಾಲುಕ್ಯ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು ಹಿಡಿದನು. ಅವನ ದಂಡನಾಯಕ ಪರಂಜೋತಿಯು ಅಲ್ಲಿಯ ಗಣಪತಿಯ ವಿಗ್ರಹವನ್ನು ತನ್ನ ಊರಾದ ತಿರುಚ್ಚೆಂಗಾಟ್ಟಂಗುಡಿಗೆ ತಂದು ಪ್ರತಿಷ್ಠಿಸಿದನು. ಮುಂದೆ ಅವನೇ ಕತ್ತಿಯನ್ನು ಕೆಳಗಿಟ್ಟು ಶಿವಭಕ್ತನಾಗಿ, ಅರುವತ್ತುಮೂವರಲ್ಲಿ ಒಬ್ಬನಾದ ಸಿರುತ್ತೊಂಡನೆಂದು ಹೆಸರಾದನು. ದೀಕ್ಷಿತರು ಸ್ತುತಿಸಿದುದು ಈ ವಾತಾಪಿ ಗಣಪತಿಯನ್ನು ಎಂಬುದು ಕಥೆಯ ಸಾರ. ದೀಕ್ಷಿತರ ಊರಾದ ತಿರುವಾರೂರಿನ ದೇವಾಲಯದಲ್ಲಿಯೂ ವಾತಾಪಿ ಗಣಪತಿಯ ಸನ್ನಿಧಿಯೊಂದುಂಟು.

ಇದರಲ್ಲಿ ಚರಿತ್ರೆಯೆಷ್ಟು, ಕಥೆಯೆಷ್ಟು? ಯುದ್ಧವು ನಿಜ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ದೇವಾಲಯದಲ್ಲಿ ರವಿಕೀರ್ತಿ ಕವಿಯು ಕ್ರಿ. ಶ. ೬೩೪ರಲ್ಲಿ ಬರೆಯಿಸಿದ ಶಾಸನವಿದೆ. ಪಲ್ಲವನು ಪುಲಕೇಶಿಗೆ ಅಂಜಿ ಕಾಂಚಿಯ ಕೋಟೆಯ ಮರೆಹೊಕ್ಕನೆಂದು ಅದು ಕೊಂಡಾಡುತ್ತದೆ. ಅಲ್ಲಿಂದ ಎಂಟೇ ವರ್ಷ. ಬಾದಾಮಿಯ ಬಂಡೆಯ ಮೇಲೆಯೇ ಪಲ್ಲವ ನರಸಿಂಹವರ್ಮನ ಶಾಸನವು ಕೆತ್ತಲ್ಪಟ್ಟಿತು. ಸವೆದ ಅಕ್ಷರಗಳಲ್ಲಿ ಅದು ಇನ್ನೂ ಅಲ್ಲಿದೆ. ಒಂದು ಹಗಲ ದಾರಿಯೊಳಗೆ ಒಂದು ಜಯವನ್ನೂ ಅದರ ಪ್ರತ್ಯುತ್ತರವನ್ನೂ ಕಲ್ಲಿನಲ್ಲಿ ನೋಡಬಹುದಾದ ಸ್ಥಳ ನಮ್ಮ ದೇಶದಲ್ಲಿ ಅಪರೂಪ.

ಆದರೆ ವಿಗ್ರಹದ ಮಾತು ಬೇರೆ. ೧೨ನೆಯ ಶತಮಾನದ ಶೇಕ್ಕಿಳಾರರ ಪೆರಿಯಪುರಾಣವು ಪರಂಜೋತಿಯ ದಂಡಯಾತ್ರೆಯನ್ನು ವಿವರಿಸುವಾಗ ರತ್ನ, ಆನೆ, ಕುದುರೆಗಳನ್ನು ಅವನು ತಂದನೆನ್ನುತ್ತದೆ. ಗಣಪತಿಯನ್ನು ತಂದನೆಂದು ಹೇಳುವುದಿಲ್ಲ. ಅದಕ್ಕಿಂತಲೂ ಗಮನಿಸಬೇಕಾದುದು ದೀಕ್ಷಿತರ ಸ್ವಂತ ಮಾತು. ಅವರ ಕೃತಿಯಲ್ಲಿ ಯುದ್ಧದ ಸುಳಿವಿಲ್ಲ, ಪಲ್ಲವನಿಲ್ಲ, ಕೊಳ್ಳೆಯಿಲ್ಲ. ಹಿಂದೆ ಕುಂಭಸಂಭವನಾದ ಮುನಿಯು, ಎಂದರೆ ಅಗಸ್ತ್ಯನು, ಈ ಗಣಪತಿಯನ್ನು ಪೂಜಿಸಿದನೆಂಬುದೊಂದೇ ಅಲ್ಲಿ ಬರುವ ಪೂರ್ವವೃತ್ತ. ವಾತಾಪಿ, ಇಲ್ವಲರೆಂಬ ದೈತ್ಯ ಸೋದರರಲ್ಲಿ ವಾತಾಪಿಯನ್ನು ಅಗಸ್ತ್ಯನು ಜೀರ್ಣಿಸಿಕೊಂಡ ಭಾರತದ ಕಥೆ ಎಲ್ಲರಿಗೂ ತಿಳಿದದ್ದು. ಬಾದಾಮಿಯ ಕೆರೆಗೆ ಇಂದಿಗೂ ಅಗಸ್ತ್ಯತೀರ್ಥವೆಂದೇ ಹೆಸರು. ಕೃತಿಕಾರರ ಮನಸ್ಸಿನಲ್ಲಿದ್ದುದು ಈ ಪುರಾಣಪ್ರಸಂಗ. ಕೊಳ್ಳೆಯ ಕಥೆಯನ್ನು ಅದಕ್ಕೆ ತೊಡಿಸಿದವರು ಕೇಳಿದವರು. ಆದಕಾರಣ ಕನ್ನಡಿಗರು ಈ ಕೃತಿಯನ್ನು ಕೇಳಿ ತಮ್ಮ ದೇವರನ್ನು ಅನ್ಯರು ಒಯ್ದರೆಂದು ಮುಖ ಬಾಡಿಸಿಕೊಳ್ಳಬೇಕಾಗಿಯೂ ಇಲ್ಲ, ಇದು ನಮ್ಮದೆಂದು ಬೀಗಬೇಕಾಗಿಯೂ ಇಲ್ಲ. ಬಾದಾಮಿಯ ಮೊದಲನೆಯ ಗುಹೆಯ ಬಾಗಿಲಲ್ಲಿ ಹದಿನೆಂಟು ಕೈಗಳ ನಟರಾಜನು ನರ್ತಿಸುತ್ತಿದ್ದಾನೆ, ಪಕ್ಕದಲ್ಲಿ ಮದ್ದಳೆಯವನಿದ್ದಾನೆ, ಅವರ ನಡುವೆ ಗಣಪತಿಯೂ ಇದ್ದಾನೆ. ಆ ಗಣಪತಿಯನ್ನು ಯಾರೂ ಒಯ್ದಿಲ್ಲ.

ಈ ಎರಡು ರಾಜಧಾನಿಗಳ ನಡುವೆ ಹೋದದ್ದು ಬಂದದ್ದು ದ್ವೇಷವೊಂದೇ ಅಲ್ಲ. ಸುಮಾರು ನೂರು ವರ್ಷಗಳ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದನು. ಗೆದ್ದೂ ಅದನ್ನು ಸೂರೆಗೊಳ್ಳದೆ, ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟನು. ಅದನ್ನು ಸಾರುವ ಕನ್ನಡ ಶಾಸನವು ಕಾಂಚಿಯ ಆ ದೇವಾಲಯದ ಕಂಬದಲ್ಲಿಯೇ ಇದೆ. ಈ ವಿಜಯದ ಸ್ಮಾರಕವಾಗಿ ರಾಣಿ ಲೋಕಮಹಾದೇವಿಯು ಬಾದಾಮಿಯ ಸಮೀಪದ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯವೇ ಇಂದಿನ ವಿರೂಪಾಕ್ಷ. ಅದನ್ನು ನೋಡಲು ಹೋಗುವವರು ಶಿಲ್ಪಿ ಗುಂಡನ ಹೆಸರನ್ನು ಕೇಳಿ ಬರುತ್ತಾರೆ. ಅಲ್ಲಿಯೇ ಇರುವ ಇನ್ನೊಂದು ಶಾಸನದ ಕಡೆಗೆ ಗಮನ ಕೊಡುವವರು ಕಡಮೆ. ಹಿಂದೆ ವಿಜಯಾದಿತ್ಯ ಮಹಾರಾಜನು ಗಾಂಧರ್ವರಿಗೆ, ಎಂದರೆ ಗಾಯಕರಿಗೆ, ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿಯು ಸ್ಥಿರಪಡಿಸಿದಳೆಂದು ಅದು ಹೇಳುತ್ತದೆ. ೮ನೆಯ ಶತಮಾನದಲ್ಲಿ ಮಲಪ್ರಭೆಯ ತೀರದಲ್ಲಿ ಹಾಡುಗಾರರ ಸಮುದಾಯವಿದ್ದಿತು. ಅವರಿಗೆ ಅರಸನ ಕಟ್ಟಳೆಯ ರಕ್ಷಣೆಯಿದ್ದಿತು. ಅವರು ಹಾಡಿದುದೇನು? ಒಂದು ಪದವೂ ಒಂದು ಸ್ವರವೂ ನಮಗೆ ಬಂದಿಲ್ಲ. ಕಲ್ಲು ಅವರ ಹಕ್ಕನ್ನು ಉಳಿಸಿತು. ಹಾಡನ್ನು ಉಳಿಸಲಾರದೆ ಹೋಯಿತು.

ಇನ್ನು ಈ ನಾಡಿನಲ್ಲಿಯೇ ಹುಟ್ಟಿ ಬೆಳೆದ ವಾಗ್ಗೇಯಕಾರರೊಬ್ಬರನ್ನು ನೋಡೋಣ. ಬಾಗಲಕೋಟೆಯ ಪ್ರಸನ್ನವೆಂಕಟದಾಸರು ೧೬೮೦ರಿಂದ ೧೭೫೨ರವರೆಗೆ ಬಾಳಿದ ಹರಿದಾಸರು. ಚೀಕಲಪರವಿಯ ವಿಜಯದಾಸರ ಸಮಕಾಲೀನರು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮನೆಯಲ್ಲಿ ಆದರವಿಲ್ಲದೆ ತಿರುಪತಿಯ ದಾರಿ ಹಿಡಿದರೆಂದೂ, ವೆಂಕಟೇಶನ ಅನುಗ್ರಹದಿಂದ ಕವಿತಾಶಕ್ತಿಯನ್ನು ಪಡೆದು ಊರಿಗೆ ಮರಳಿದರೆಂದೂ ಸಂಪ್ರದಾಯದ ಕಥೆ. ಆ ದೇವರ ಹೆಸರೇ ಅವರ ಅಂಕಿತವಾಯಿತು. ಕೀರ್ತನೆಗಳನ್ನೂ ಸುಳಾದಿಗಳನ್ನೂ ಅವರು ರಚಿಸಿದರು. ಸುಳಾದಿಯೆಂದರೆ ಸಾಮಾನ್ಯವಾದ ಪದವಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಒಂದಾದ ಮೇಲೊಂದರಂತೆ ಖಂಡಗಳು ಸಾಗುತ್ತ, ಒಂದೇ ವಿಷಯವನ್ನು ಬೇರೆಬೇರೆ ಗತಿಗಳಲ್ಲಿ ಬೆಳೆಸುವ ಪ್ರೌಢ ರಚನೆ ಅದು. ಅದನ್ನು ಹಾಡುವವನಿಗೆ ತಾಳಜ್ಞಾನ ಗಟ್ಟಿಯಾಗಿರಬೇಕು. ರಚಿಸುವವನಿಗಂತೂ ಇನ್ನೂ ಗಟ್ಟಿಯಾಗಿರಬೇಕು. ಆದಕಾರಣ ಹರಿದಾಸರನ್ನು ಭಕ್ತಕವಿಗಳೆಂದು ಮಾತ್ರ ಎಣಿಸಿ, ಸಂಗೀತ ರಚನಕಾರರ ಪಂಕ್ತಿಯಿಂದ ಹೊರಗೆ ಕೂಡಿಸುವುದು ನ್ಯಾಯವಲ್ಲ.

ಮುತ್ತುಸ್ವಾಮಿ ದೀಕ್ಷಿತರಿಗೂ ಪ್ರಸನ್ನವೆಂಕಟದಾಸರಿಗೂ ನಡುವೆ ಕಾಲದ ಅಂತರ ಬಹಳವಿಲ್ಲ. ದಾಸರು ತೀರಿಕೊಂಡ ಕಾಲು ಶತಮಾನದೊಳಗೆ ದೀಕ್ಷಿತರು ಹುಟ್ಟಿದರು. ಆದರೆ ಅವರ ರಚನೆಗಳ ಗತಿ ಎಷ್ಟು ಭಿನ್ನವಾಯಿತು! ದೀಕ್ಷಿತರಿಗೆ ತಮ್ಮಂದಿರಿದ್ದರು, ತಂಜಾವೂರಿನ ನಾಲ್ವರು ಸೋದರರಂತಹ ಶಿಷ್ಯರಿದ್ದರು. ಅವರ ವಂಶದ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಪ್ರಕಟಿಸಿ, ಸ್ವರವನ್ನೂ ಗಮಕದ ಚಿಹ್ನೆಗಳನ್ನೂ ತಾಳವನ್ನೂ ಸೇರಿಸಿ ಆ ಕೃತಿಗಳನ್ನು ಕಾಗದದ ಮೇಲೆ ನಿಲ್ಲಿಸಿದರು. ಪಾಠ ಕೆಟ್ಟಿತೋ ಎಂಬ ಸಂಶಯ ಬಂದಾಗ ನೋಡಿಕೊಳ್ಳುವುದಕ್ಕೆ ಒಂದು ಆಧಾರ ದೊರಕಿತು. ಪ್ರಸನ್ನವೆಂಕಟದಾಸರ ಪದಗಳಾದರೋ ಓಲೆಯಲ್ಲಿಯೂ ಕಾಗದದಲ್ಲಿಯೂ ಸಾಹಿತ್ಯವಾಗಿ ಮಾತ್ರ ಉಳಿದುವು. ಮೇಲೆ ರಾಗದ ಹೆಸರು, ತಾಳದ ಹೆಸರು. ಕೆಳಗೆ ಬರಿಯ ಪದ. ದಾಸರು ಹಾಡಿದ ಧಾಟಿ ಅದರಲ್ಲಿಲ್ಲ. ಆದ್ದರಿಂದಲೇ ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿಯೂ ಮತ್ತೊಬ್ಬರು ಇನ್ನೊಂದರಲ್ಲಿಯೂ ಹಾಡುವುದು. ಇದರಿಂದ ಪದಕ್ಕೆ ಹೊಸ ಬಾಳು ಬಂದಿದೆಯೆಂಬುದು ನಿಜ. ರಚನಕಾರನ ಅರ್ಧಭಾಗ ಕಣ್ಮರೆಯಾಯಿತೆಂಬುದೂ ಅಷ್ಟೇ ನಿಜ.

ಹಾಗಾದರೆ ಯಾರು ಹೆಚ್ಚಿನವರು, ಯಾರು ಕಡಮೆಯವರು ಎಂದು ತೂಗಲು ಹೊರಡುವುದು ವ್ಯರ್ಥ. ಪಟ್ಟದಕಲ್ಲಿನ ಗಾಂಧರ್ವರಿಂದ ಹಕ್ಕಿನ ನೆನಪು, ಬಾಗಲಕೋಟೆಯ ದಾಸರಿಂದ ಮಾತು, ತಿರುವಾರೂರಿನ ದೀಕ್ಷಿತರಿಂದ ಮಾತೂ ನಾದವೂ ನಮಗೆ ಬಂದಿವೆ. ಈ ಭೇದಕ್ಕೆ ಕಾರಣ ಪ್ರತಿಭೆಯ ತಾರತಮ್ಯವಲ್ಲ; ಕೇಳಿದವರು ಕಲಿತರೇ, ಕಲಿತವರು ಬರೆದಿಟ್ಟರೇ ಎಂಬುದೊಂದೇ. ಸಂಗೀತದ ಚರಿತ್ರೆಯನ್ನು ಬರೆಯುವವರು ರಚನಕಾರರ ಹೆಸರಿನ ಜೊತೆಗೆ ಶಿಷ್ಯರ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಾದುದು ಇದಕ್ಕಾಗಿ.

ರಾಗಗಳಿಗೆ ಗಡಿಯಿಲ್ಲವೆಂಬುದಕ್ಕೆ ಹಂಸಧ್ವನಿಯೇ ಸಾಕ್ಷಿ. ತಮಿಳುನಾಡಿನಲ್ಲಿ ಹುಟ್ಟಿದ ಈ ರಾಗವನ್ನು ಉತ್ತರದ ಗಾಯಕರು ಪ್ರೀತಿಯಿಂದ ಬರಮಾಡಿಕೊಂಡರು. ಮುಂಬಯಿಯ ಭೇಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನರು ಅದನ್ನು ಖ್ಯಾಲಿನ ರಾಗವಾಗಿ ಬೆಳಗಿಸಿದವರಲ್ಲಿ ಪ್ರಮುಖರು. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಹಿಂದುಸ್ತಾನಿ ಪದ್ಧತಿಗೇ ಮನ್ನಣೆ ಹೆಚ್ಚು. ಬಾದಾಮಿಯ ಹೆಸರನ್ನು ತಲೆಯ ಮೇಲೆ ಹೊತ್ತು ದಕ್ಷಿಣದಲ್ಲಿ ಮೆರೆದ ರಾಗವು, ಉತ್ತರವನ್ನು ಸುತ್ತಿ, ಬೇರೆ ಉಡುಗೆಯಲ್ಲಿ ಬಾದಾಮಿಯ ನೆರೆಹೊರೆಗೆ ಬಂದು ಸೇರಿದೆ. ಅದನ್ನು ಅಲ್ಲಿ ಕೇಳುವವರಿಗೆ ಅದು ತಮ್ಮ ಊರಿನ ಹೆಸರಿನೊಡನೆ ಕೂಡಿದ ರಾಗವೆಂದು ತೋರದೆ ಇರಬಹುದು. ಆದರೂ ಸಂಬಂಧವಿದೆ.

ಈಗ ನಮಗೆ ಉಳಿದಿರುವ ಕರ್ತವ್ಯ ದೊಡ್ಡದೇನಲ್ಲ, ಆದರೆ ಅವಸರದ್ದು. ಈ ಊರುಗಳ ಹಳೆಯ ಮನೆಗಳಲ್ಲಿಯೂ ಭಜನೆಯ ಮೇಳಗಳಲ್ಲಿಯೂ ದಾಸರ ಪದಗಳನ್ನು ಹಿರಿಯರಿಂದ ಕೇಳಿ ಕಲಿತವರು ಇದ್ದಾರೆ. ಅವರ ಧಾಟಿಗಳೆಲ್ಲವೂ ದಾಸರ ಕಾಲದವೆಂದು ಹೇಳಲಾಗದು. ಆದರೂ ಪುಸ್ತಕದಲ್ಲಿಲ್ಲದ ಏನೋ ಒಂದು ಆ ಕಂಠಗಳಲ್ಲಿ ಉಳಿದಿರಬಹುದು. ಅದನ್ನು ಧ್ವನಿಮುದ್ರಣ ಮಾಡುವ, ಸ್ವರಲಿಪಿಯಲ್ಲಿ ಬರೆದಿಡುವ ಸಾಧನ ಇಂದು ಪ್ರತಿಯೊಬ್ಬ ವಿದ್ಯಾವಂತನ ಕೈಯಲ್ಲಿದೆ. ಸುಬ್ಬರಾಮ ದೀಕ್ಷಿತರಿಗೆ ಅಷ್ಟು ಸೌಕರ್ಯವಿರಲಿಲ್ಲ. ಅವರು ಇಳಿವಯಸ್ಸಿನಲ್ಲಿ ಲೇಖನಿಯೊಂದರಿಂದಲೇ ಆ ಕೆಲಸವನ್ನು ಮುಗಿಸಿದರು. ಮುಂದಿನ ಸಲ ‘ವಾತಾಪಿ’ ಎಂಬ ಪದ ಸಭೆಯಲ್ಲಿ ಕೇಳಿಸಿದಾಗ ಬಾದಾಮಿಯ ಕೆಂಪು ಬಂಡೆಗಳೂ, ಪಟ್ಟದಕಲ್ಲಿನ ಹೆಸರಿಲ್ಲದ ಹಾಡುಗಾರರೂ, ಬಾಗಲಕೋಟೆಯ ದಾಸರೂ ಶ್ರೋತೃಗಳ ನೆನಪಿಗೆ ಬಂದರೆ ಈ ಭಾಷಣವು ಸಾರ್ಥಕವಾದಂತೆ.