ಒಗಟಿನ ಲೋಕ ಮತ್ತು ಪಿಸಾ ಪರೀಕ್ಷೆ: ಹೆಬ್ಬಗೋಡಿಯ ನೆಲೆಯಿಂದ ಒಂದು ವಿವೇಚನೆ

ಜನಪದರ ಒಗಟು ಒಂದು ಬಗೆಯ ಪರೀಕ್ಷೆಯೂ ಹೌದು. ಒಗಟು ಹೇಳುವವರೂ ಬಿಡಿಸುವವರೂ ಒಂದೇ ಲೋಕದ ವಸ್ತುಗಳನ್ನು ಬಲ್ಲವರಾಗಿರಬೇಕೆಂಬುದು ಅದರ ಒಳಷರತ್ತು. ಬೀಸುವ ಕಲ್ಲನ್ನೇ ಕಾಣದ ಮಗು ಅದರ ಒಗಟನ್ನು ಬಿಡಿಸದಿದ್ದರೆ ಅದು ಬುದ್ಧಿಯ ಕೊರತೆಯಾಗದು. ಅಂತಾರಾಷ್ಟ್ರೀಯ ಕಲಿಕಾ ಪರೀಕ್ಷೆಯ ವಿಷಯದಲ್ಲಿ ಭಾರತವು ಎತ್ತಿದ ಆಕ್ಷೇಪವೂ ಬಹುಮಟ್ಟಿಗೆ ಇದೇ ತೆರನಾದುದು.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2000ದಲ್ಲಿ ಆರಂಭಿಸಿದ ‘ಪಿಸಾ’ ಪರೀಕ್ಷೆಯು ಹದಿನೈದು ವರ್ಷದ ವಿದ್ಯಾರ್ಥಿಗಳ ಓದು, ಗಣಿತ ಮತ್ತು ವಿಜ್ಞಾನದ ಸಾಮರ್ಥ್ಯವನ್ನು ಅಳೆಯುತ್ತದೆ. ಇಲ್ಲಿ ವಿದ್ಯಾರ್ಥಿ ತೇರ್ಗಡೆಯಾಗುವ ಅಥವಾ ಅನುತ್ತೀರ್ಣನಾಗುವ ಪ್ರಶ್ನೆಯಿಲ್ಲ. ಅಳತೆಗೆ ಒಳಗಾಗುವುದು ಶಿಕ್ಷಣ ವ್ಯವಸ್ಥೆ. 2009ರ ಸುತ್ತಿನ ವಿಸ್ತರಣೆಯಲ್ಲಿ ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಮಾತ್ರ ಪಾಲ್ಗೊಂಡವು. 2011ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದಂತೆ ಓದಿನ ಕನಿಷ್ಠ ಮಟ್ಟವನ್ನು ತಲುಪಿದವರು ತಮಿಳುನಾಡಿನಲ್ಲಿ ಶೇ. 17, ಹಿಮಾಚಲದಲ್ಲಿ ಶೇ. 11.

ಪ್ರಶ್ನೆಗಳು ಭಾರತದ ಸಾಮಾಜಿಕ, ಸಾಂಸ್ಕೃತಿಕ ಸಂದರ್ಭಕ್ಕೆ ಹೊರತಾಗಿವೆಯೆಂಬ ಆಕ್ಷೇಪದೊಡನೆ ದೇಶವು ಮುಂದಿನ ಸುತ್ತುಗಳಿಂದ ದೂರ ಉಳಿಯಿತು. 2019ರಲ್ಲಿ ಮರಳಿ ಸೇರುವ ಒಪ್ಪಂದವಾಯಿತಾದರೂ 2022ರ ಸುತ್ತಿನಲ್ಲಿ ಭಾರತ ಪಾಲ್ಗೊಳ್ಳಲಿಲ್ಲ. ಆಕ್ಷೇಪದಲ್ಲಿ ಸತ್ಯಾಂಶವಿದೆ; ಆದರೆ ಅದೇ ಪೂರ್ಣ ಸತ್ಯವಲ್ಲ. 2005ರಿಂದ ಗ್ರಾಮೀಣ ಭಾರತದಲ್ಲಿ ನಡೆದ ‘ಅಸರ್’ ಸಮೀಕ್ಷೆಯು ಮಕ್ಕಳಿಗೆ ಅವರ ಪರಿಚಿತ ಭಾಷೆಯಲ್ಲೇ ಸರಳ ಪಠ್ಯವನ್ನು ಕೊಟ್ಟಿತು. ಆಗಲೂ ಐದನೆಯ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಎರಡನೆಯ ತರಗತಿಯ ಪಾಠವನ್ನು ಓದಲಾರದವರಾಗಿದ್ದರು.

ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿಯು ಈ ವಾದವನ್ನು ಒರೆಗೆ ಹಚ್ಚಲು ತಕ್ಕ ನೆಲೆ. ಪಿಸಾ ಪರೀಕ್ಷೆ ನಡೆದ ತಮಿಳುನಾಡಿನ ಗಡಿಯು ಇದೇ ಹೊಸೂರು ರಸ್ತೆಯಲ್ಲಿ ಅತ್ತಿಬೆಲೆಯಾಚೆ ಇದೆ. ಕರ್ನಾಟಕ ಮಾತ್ರ ಆ ಪರೀಕ್ಷೆಯ ಹೊರಗುಳಿಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಸಮೀಪದಲ್ಲಿ 332 ಎಕರೆಯ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು. ಅದರೊಡನೆ ಬೊಮ್ಮಸಂದ್ರದ ಕೈಗಾರಿಕೆಗಳೂ ಬೆಳೆದಂತೆ ರಾಗಿ ಹೊಲಗಳ ಈ ಸೀಮೆಗೆ ಹಲವು ಭಾಷೆಗಳ ದುಡಿಯುವ ಕುಟುಂಬಗಳು ಬಂದು ನೆಲೆಸಿದವು. ಇಂಥಲ್ಲಿ ‘ಸ್ಥಳೀಯ ಸಂದರ್ಭ’ವೆಂಬುದು ಯಾರದು? ಬೀಸುವ ಕಲ್ಲಿನ ಒಗಟು ಇಲ್ಲಿನ ಎಷ್ಟೋ ಮಕ್ಕಳಿಗೆ ಪಿಸಾದ ಪ್ರಶ್ನೆಯಷ್ಟೇ ಅಪರಿಚಿತ.

ಅಪರಿಚಿತ ಬರಹವನ್ನು ಓದಿ ಅರ್ಥೈಸುವುದು ಇಂಥ ಊರಿನಲ್ಲಿ ನಿತ್ಯದ ಅಗತ್ಯ: ಕಾರ್ಖಾನೆಯ ಸುರಕ್ಷತಾ ಫಲಕ, ಗುತ್ತಿಗೆಯ ಕರಾರು, ಔಷಧಿಯ ಚೀಟಿ. ಪರೀಕ್ಷೆಯಿಂದ ದೂರ ಉಳಿದ ಮಾತ್ರಕ್ಕೆ ಮಕ್ಕಳು ಈ ಅಗತ್ಯದಿಂದ ಪಾರಾಗುವುದಿಲ್ಲ. ಅವರ ಕೊರತೆ ದಾಖಲೆಯಿಂದ ಮರೆಯಾಗುತ್ತದೆ, ಅಷ್ಟೆ. ಒಗಟು ಬಿಡಿಸಲಾಗದ ಮಗುವಿಗೆ ಹಿರಿಯರು ಸುಳಿವು ಕೊಡುತ್ತಾರೆ, ಒಗಟನ್ನೇ ಕೈಬಿಡುವುದಿಲ್ಲ. ಶಿಕ್ಷಣ ವ್ಯವಸ್ಥೆಯು ಜನಪದರಿಂದ ಕಲಿಯಬೇಕಾದ ವಿವೇಕವಿದು.