ಸಿಲಿಕಾನಿಗೆ ಮುನ್ನ ಒಂದು ತಾಲೀಮು

ಸಾಫ್ಟ್‌ವೇರಿನಲ್ಲಿ ತಪ್ಪಾದರೆ ತಿದ್ದಿ ಮತ್ತೆ ಕಳಿಸಬಹುದು. ಸಿಲಿಕಾನಿನಲ್ಲಿ ಕೂತ ತಪ್ಪಿಗೆ ಆ ಸೌಲಭ್ಯವಿಲ್ಲ. ಇಂಟೆಲ್ ಕಂಪನಿಯ ಪೆಂಟಿಯಮ್ ಚಿಪ್ ಕೆಲವು ಭಾಗಾಕಾರಗಳಲ್ಲಿ ಎಡವುತ್ತಿದೆ ಎಂಬುದನ್ನು 1994ರಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಬಯಲಿಗೆ ತಂದರು. ಚಿಪ್‌ನೊಳಗಿನ ಒಂದು ಕೋಷ್ಟಕದಲ್ಲಿ ಕೆಲವು ನಮೂದುಗಳು ಬಿಟ್ಟುಹೋಗಿದ್ದವು, ಅಷ್ಟೇ. ಅಷ್ಟಕ್ಕೆ ಇಂಟೆಲ್ 47.5 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು.

ಇಂಥ ತಪ್ಪುಗಳನ್ನು ಮೊದಲೇ ಹಿಡಿಯಲು ಇರುವ ಮುಖ್ಯ ದಾರಿ ತಾಲೀಮು. ಚಿಪ್ ವಿನ್ಯಾಸಕಾರರು ಅದರ ನಡವಳಿಕೆಯನ್ನು ಮೊದಲು ಒಂದು ಹಾರ್ಡ್‌ವೇರ್ ವಿವರಣಾ ಭಾಷೆಯಲ್ಲಿ ಬರೆಯುತ್ತಾರೆ. ಸಿಮ್ಯುಲೇಟರ್ ಎಂಬ ತಂತ್ರಾಂಶ ಆ ಬರಹವನ್ನು ಓದಿ, ಗಡಿಯಾರದ ಒಂದೊಂದು ಮಿಡಿತಕ್ಕೂ ಯಾವ ತಂತಿಯಲ್ಲಿ ಸೊನ್ನೆ, ಯಾವುದರಲ್ಲಿ ಒಂದು ಎಂದು ಆಡಿ ತೋರಿಸುತ್ತದೆ. ಈ ತಾಲೀಮಿನ ಮನೆಯ ಬೀಗದ ಕೈ ಯಾರ ಬಳಿ ಇತ್ತು, ಅದು ಎಲ್ಲರ ಕೈಗೆ ಹೇಗೆ ಬಂತು ಎಂಬುದನ್ನು ಇಲ್ಲಿ ಹೇಳಹೊರಟಿದ್ದೇನೆ.

ಇವತ್ತು ಹೆಚ್ಚು ಬಳಕೆಯಲ್ಲಿರುವ ಇಂಥ ಭಾಷೆಗಳಲ್ಲೊಂದು ವೆರಿಲಾಗ್. ಅದು ಹುಟ್ಟಿದ್ದು 1980ರ ದಶಕದ ಮೊದಲರ್ಧದಲ್ಲಿ, ಪ್ರಭು ಗೋಯಲ್ ಕಟ್ಟಿದ ಗೇಟ್‌ವೇ ಡಿಸೈನ್ ಆಟೊಮೇಷನ್ ಎಂಬ ಅಮೆರಿಕದ ಸಣ್ಣ ಕಂಪನಿಯಲ್ಲಿ. ಅದರ ಮುಖ್ಯ ಶಿಲ್ಪಿ ಫಿಲ್ ಮೂರ್ಬಿ. ಆಗ ಭಾಷೆ ಬೇರೆ, ಸಿಮ್ಯುಲೇಟರ್ ಬೇರೆ ಎಂಬ ಭೇದವೇ ಇರಲಿಲ್ಲ. ಗೇಟ್‌ವೇ ಮಾರುತ್ತಿದ್ದ ಸಿಮ್ಯುಲೇಟರ್ ಏನು ಹೇಳುತ್ತದೋ ಅದೇ ಭಾಷೆಯ ಅರ್ಥ. 1989ರಲ್ಲಿ ಕೇಡೆನ್ಸ್ ಕಂಪನಿ ಗೇಟ್‌ವೇಯನ್ನು ಕೊಂಡಾಗ ಭಾಷೆಯೂ ಅದರ ಆಸ್ತಿಯಾಯಿತು.

ಅಷ್ಟರಲ್ಲಿ ಪ್ರತಿಸ್ಪರ್ಧಿಯೊಂದು ಎದ್ದಿತ್ತು. ಅಮೆರಿಕದ ರಕ್ಷಣಾ ಇಲಾಖೆ 1983ರಲ್ಲಿ ಇಂಟರ್‌ಮೆಟ್ರಿಕ್ಸ್, ಐಬಿಎಂ, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಗಳಿಗೆ ವಹಿಸಿದ ವಿಎಚ್‌ಡಿಎಲ್ ಭಾಷೆ 1987ರಲ್ಲಿ ಐಇಇಇ ಮಾನಕವಾಯಿತು. ಒಂದು ಕಂಪನಿಯ ಸೊತ್ತಲ್ಲದ ಭಾಷೆಯ ಕಡೆಗೆ ಜನ ವಾಲುವುದನ್ನು ಕಂಡ ಕೇಡೆನ್ಸ್, 1990ರಲ್ಲಿ ವೆರಿಲಾಗ್ ಭಾಷೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. 1995ರಲ್ಲಿ ಅದೂ ಐಇಇಇ ಮಾನಕವಾಯಿತು.

ಭಾಷೆಯೇನೋ ಬಿಡುಗಡೆಯಾಯಿತು, ಅದನ್ನು ಆಡಿಸುವ ಯಂತ್ರ ಆಗಲಿಲ್ಲ. ವ್ಯಾಕರಣ ಪುಸ್ತಕ ಎಲ್ಲರಿಗೂ ಸಿಕ್ಕಿತು, ಮಾತಾಡುವ ಬಾಯಿ ಮಾತ್ರ ಬಾಡಿಗೆಗೆ ಎಂಬಂತಾಯಿತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದು, ಊರಿಗೆ ಚಿಪ್ ವಿನ್ಯಾಸದ ಕಸುಬನ್ನು ತಂದಿತ್ತು. ಆದರೆ ಅಂಥ ಕಂಪನಿಯೊಳಗೆ ಕಾಲಿಟ್ಟವರಿಗೆ ಸಿಕ್ಕ ಉಪಕರಣ ಹೊರಗಿದ್ದ ವಿದ್ಯಾರ್ಥಿಗೆ ದೂರ. ನಾನು ಓದಿದ ಕಾಲೇಜಿನಲ್ಲಿ ಲೈಸೆನ್ಸ್ ಇದ್ದ ಕಂಪ್ಯೂಟರುಗಳು ಕೆಲವೇ, ಮೂವರಿಗೊಂದು. ಸಂಜೆ ಲ್ಯಾಬಿಗೆ ಬೀಗ ಬಿದ್ದರೆ ಕಲಿಕೆಗೂ ಬೀಗ.

ಬೀಗ ತೆರೆದವರು ಬೇರೆ ಬೇರೆ ದಿಕ್ಕಿನಿಂದ ಬಂದರು. ಪೆಂಟಿಯಮ್ ಎಡವಿದ ಅದೇ 1994ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಪಾಲ್ ವಾಸನ್, ವೆರಿಲಾಗ್ ಬರಹವನ್ನು ಸಿ ಭಾಷೆಗೆ ತಿರುಗಿಸುವ ಉಪಕರಣವೊಂದನ್ನು ಮಾಡಿದರು. ಆಲ್ಫಾ ಪ್ರೊಸೆಸರಿನ ಸಿ ಮಾದರಿಯೊಂದಿಗೆ ಅದನ್ನು ಜೋಡಿಸಿ ಓಡಿಸುವುದು ಅವರ ಉದ್ದೇಶ. 1998ರಲ್ಲಿ, ಮುಖ್ಯವಾಗಿ ಡುವೇನ್ ಗಾಲ್ಬಿ ಅವರ ಪ್ರಯತ್ನದಿಂದ, ಕಂಪನಿ ಅದರ ಮೂಲ ಕೋಡ್ ಬಿಡುಗಡೆಗೆ ಒಪ್ಪಿತು. 2002ರಲ್ಲಿ ವಿಲ್ಸನ್ ಸ್ನೈಡರ್ ಅದನ್ನು ಬುಡದಿಂದ ಹೊಸದಾಗಿ ಬರೆದರು. ಅದೇ ವೆರಿಲೇಟರ್. ಸ್ಟೀಫನ್ ವಿಲಿಯಮ್ಸ್ 1990ರ ದಶಕದ ಕೊನೆಗೆ ಇಕಾರಸ್ ವೆರಿಲಾಗ್ ಶುರುಮಾಡಿದರು. ವಿಎಚ್‌ಡಿಎಲ್‌ಗಾಗಿ ಟ್ರಿಸ್ಟಾನ್ ಗಿಂಗೋಲ್ಡ್ ಜಿಎಚ್‌ಡಿಎಲ್ ಬರೆದರು, ಅದೂ ಅಡಾ ಭಾಷೆಯಲ್ಲಿ. ವಿಎಚ್‌ಡಿಎಲ್ ತನ್ನ ವಾಕ್ಯರಚನೆಯನ್ನು ಎರವಲು ಪಡೆದದ್ದು ಅಡಾದಿಂದಲೇ. ಮಗಳ ಮಾತನ್ನು ತಾಯಿಯ ಬಾಯಲ್ಲೇ ಆಡಿಸಿದಂತೆ.

ಇವುಗಳ ಸ್ವಭಾವ ಒಂದೇ ಅಲ್ಲ. ಇಕಾರಸ್ ಪ್ರತಿಯೊಂದು ಸಂಕೇತ ಬದಲಾದಾಗಲೂ ಅದರಿಂದ ಇನ್ನೇನು ಬದಲಾಗಬೇಕೆಂದು ಸರದಿಯಲ್ಲಿ ಲೆಕ್ಕ ಹಾಕುತ್ತದೆ. ಸೊನ್ನೆ, ಒಂದರ ಜೊತೆಗೆ ‘ಗೊತ್ತಿಲ್ಲ’ ಎಂಬ ಬೆಲೆಯನ್ನೂ ಹೊತ್ತೊಯ್ಯುತ್ತದೆ. ವೆರಿಲೇಟರ್ ಬಹುಮಟ್ಟಿಗೆ ಸೊನ್ನೆ, ಒಂದರಲ್ಲೇ ವ್ಯವಹರಿಸುತ್ತದೆ. ವಿನ್ಯಾಸವನ್ನೇ ಸಿ++ ಪ್ರೋಗ್ರಾಮಾಗಿ ಮಾಡಿ ಓಡಿಸುವುದರಿಂದ ಅದಕ್ಕೆ ವೇಗ.

ಈ ಉಪಕರಣಗಳ ಬೆಲೆ ಬರೀ ಪುಕ್ಕಟೆ ಎಂಬುದರಲ್ಲಿಲ್ಲ. ಒಂದು ಉದಾಹರಣೆ ನೋಡಿ. ‘ಅ’ ಮತ್ತು ‘ಆ’ ಎಂಬ ಎರಡು ರಿಜಿಸ್ಟರುಗಳು ಗಡಿಯಾರದ ಒಂದೇ ಮಿಡಿತಕ್ಕೆ ತಮ್ಮ ಬೆಲೆಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಎರಡನ್ನೂ ಬೇರೆ ಬೇರೆ ತುಣುಕುಗಳಲ್ಲಿ ವೆರಿಲಾಗಿನ ಸಾದಾ ಸಮ ಚಿಹ್ನೆ ಬಳಸಿ ಬರೆದರೆ, ಯಾವ ತುಣುಕು ಮೊದಲು ಎಂಬುದನ್ನು ಮಾನಕ ಹೇಳುವುದಿಲ್ಲ. ಒಂದು ಸಿಮ್ಯುಲೇಟರಿನಲ್ಲಿ ಎರಡಕ್ಕೂ ‘ಆ’ ಬೆಲೆ ಬರಬಹುದು, ಇನ್ನೊಂದರಲ್ಲಿ ಎರಡಕ್ಕೂ ‘ಅ’ ಬೆಲೆ. ಮಾನಕದ ಪ್ರಕಾರ ಎರಡೂ ಸರಿ! ಸಾಮಾನ್ಯವಾಗಿ ಸಿಲಿಕಾನಿನಲ್ಲಿ ನಡೆಯುವುದು ಮೂರನೆಯದು, ನಿಜವಾದ ಅದಲುಬದಲು. ಎಲ್ಲರೂ ಮೊದಲು ಓದಿ ಆಮೇಲೆ ಬರೆಯುವ ಇನ್ನೊಂದು ಚಿಹ್ನೆ ಬಳಸಿದರೆ ತೊಂದರೆಯಿಲ್ಲ. ಒಂದೇ ಸಿಮ್ಯುಲೇಟರ್ ನಂಬಿದವರಿಗೆ ಈ ತಪ್ಪು ಕಾಣದೇ ಹೋಗಬಹುದು. ಎರಡನೆಯ ಸಾಕ್ಷಿ ಕೈಗೆಟುಕಿದಾಗ, ಭಾಷೆ ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯುತ್ತದೆ. ಆ ಸಾಕ್ಷಿಯ ಮೂಲ ಕೋಡನ್ನೂ ತೆರೆದು, ಹಾಗೇಕೆ ನುಡಿಯಿತೆಂದು ವಿಚಾರಿಸಬಹುದು. 1990ರ ಬಿಡುಗಡೆ ಪೂರ್ಣವಾದದ್ದು ಇಲ್ಲಿ ಎಂದು ನನಗನ್ನಿಸುತ್ತದೆ.

ಹಾಗೆಂದು ಹಣದ ಉಪಕರಣಗಳ ಕಾಲ ಮುಗಿಯಿತೆನ್ನಲಾಗದು. ಕೋಟ್ಯಂತರ ಟ್ರಾನ್ಸಿಸ್ಟರುಗಳ ಚಿಪ್ ಅಚ್ಚಿಗೆ ಹೋಗುವ ಮುನ್ನದ ಕೊನೆಯ ಪರೀಕ್ಷೆಗಳನ್ನು ದೊಡ್ಡ ಕಂಪನಿಗಳು ಈಗಲೂ ಅವುಗಳಲ್ಲೇ ನಡೆಸುತ್ತವೆ. ಆದರೆ 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸವನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ಆಡಿಸಿ ನೋಡಬಲ್ಲರೆಂದರೆ ಅದಕ್ಕೆ ಈ ಮುಕ್ತ ಸಿಮ್ಯುಲೇಟರುಗಳೇ ಕಾರಣ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರಿನ ಮೂಲ ಕೋಡನ್ನು ಇಳಿಸಿಕೊಂಡವರು ಅದನ್ನು ಆಡಿಸಲು ಬಳಸುವುದು ವೆರಿಲೇಟರನ್ನೇ. ಚಿಪ್ ಅಚ್ಚುಹಾಕಿಸಲು ಈಗಲೂ ದೊಡ್ಡ ಗಂಟು ಬೇಕು. ಅದಕ್ಕೆ ಮುಂಚಿನ ತಾಲೀಮಿಗೆ ಮಾತ್ರ ಹಳೆಯ ಲ್ಯಾಪ್‌ಟಾಪ್ ಸಾಕು. ಸಂಜೆ ಲ್ಯಾಬಿಗೆ ಬೀಗ ಬಿದ್ದ ಮೇಲೂ ಅದು ನಡೆಯುತ್ತದೆ.